ಗೋಲು ಹೊಡೆದವರ ಜೊತೆಗೆ ಮಿಡ್‌ಫೀಲ್ಡರ್‌ನನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಪಂದ್ಯ ಮುಗಿದ ಮರುದಿನ ಕ್ರೀಡಾಪುಟದಲ್ಲಿ ಬರುವುದು ಹೆಚ್ಚೂಕಡಿಮೆ ನಾಲ್ಕೇ ಸಂಗತಿ: ಯಾರು ಗೆದ್ದರು, ಗೋಲು ಹೊಡೆದವರು ಯಾರು, ಎಷ್ಟನೇ ನಿಮಿಷದಲ್ಲಿ, ಕೆಂಪು ಕಾರ್ಡ್ ಯಾರಿಗೆ. ಗೋಲ್‌ಕೀಪರ್ ಪೆನಾಲ್ಟಿ ತಡೆದರೆ ಅವನಿಗೂ ಒಂದು ಸಾಲು ಸಿಗುತ್ತದೆ. ನಡುಮೈದಾನದಲ್ಲಿ ನಿಂತು ಆಟ ಕಟ್ಟಿದ ಮಿಡ್‌ಫೀಲ್ಡರ್‌ನ ಸುದ್ದಿ ಮಾತ್ರ ಇರುವುದಿಲ್ಲ. ಇದು ಬರೀ ಪತ್ರಿಕೆಯ ಕೊರತೆಯಾಗಿದ್ದರೆ ಇಷ್ಟುದ್ದದ ಪತ್ರ ಬೇಕಿರಲಿಲ್ಲ. ಆದರೆ ಅಪ್ಪ ಅಮ್ಮ, ಶಾಲೆಯ ಪಿ.ಟಿ. ಮೇಷ್ಟ್ರು, ತಂಡ ಆರಿಸುವವರು ಎಲ್ಲರೂ ನೋಡುವುದು ಆ ನಾಲ್ಕನ್ನೇ. ನಮ್ಮ ಕಣ್ಣಿಗೆ ಬೀಳದ ಕೆಲಸವನ್ನು ನಾವು ಮಕ್ಕಳಿಗೆ ಕಲಿಸುವುದೂ ಇಲ್ಲ. ಕರ್ನಾಟಕದಲ್ಲಿ ಒಳ್ಳೆಯ ಮಿಡ್‌ಫೀಲ್ಡರ್‌ಗಳು ಹೆಚ್ಚು ಬರಬೇಕೆಂದರೆ ಮೊದಲು ಆ ಆಟ ನಮಗೆ ಕಾಣಬೇಕು ಎಂಬುದು ಈ ಪತ್ರದ ಮಾತು.

ಮಿಡ್‌ಫೀಲ್ಡರ್ ಕಾರ್ಲ್‌ಟನ್ ಚಾಪ್‌ಮನ್ ಅವರನ್ನೇ ನೋಡಿ. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಇಲ್ಲಿಯ ಸದರ್ನ್ ಬ್ಲೂಸ್ ಕ್ಲಬ್ಬಿನಲ್ಲಿ ಆಡಿ, 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿ, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋದರು. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಮಣಿಸಿದಾಗ ಮೂರು ಗೋಲು ಅವರದೇ. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದರು. 1996-97ರಲ್ಲಿ ಮೊದಲ ಬಾರಿ ನಡೆದ ನ್ಯಾಷನಲ್ ಫುಟ್‌ಬಾಲ್ ಲೀಗನ್ನು ಆ ತಂಡ ಗೆದ್ದಿತು. ಎಫ್‌ಸಿ ಕೊಚ್ಚಿನ್‌ನಲ್ಲಿ ಒಂದು ಸೀಸನ್ ಕಳೆದು, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದು, 2001ರಲ್ಲಿ ನಾಯಕರಾಗಿ ಆ ಕ್ಲಬ್ಬಿಗೆ ನ್ಯಾಷನಲ್ ಲೀಗ್ ಗೆದ್ದುಕೊಟ್ಟು ಆಟ ನಿಲ್ಲಿಸಿದರು. 1995ರಿಂದ 2001ರವರೆಗೆ ಭಾರತ ತಂಡದಲ್ಲಿದ್ದರು. ದಕ್ಷಿಣ ಏಷ್ಯಾ ದೇಶಗಳ ನಡುವಿನ 1997ರ ಸ್ಯಾಫ್ ಕಪ್ ಬಂದದ್ದು ಅವರ ನಾಯಕತ್ವದಲ್ಲಿ. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು.

ಅವರ ಹೆಸರು ಬಂದಾಗಲೆಲ್ಲ ನೆನಪಾಗುವುದು ಆ ಮೂರು ಗೋಲು. ಜೆಸಿಟಿ ಗೆದ್ದ ಲೀಗಿನಲ್ಲಿ ಸ್ಟ್ರೈಕರ್ ಭೈಚುಂಗ್ ಭುಟಿಯಾ 14 ಗೋಲು ಹೊಡೆದರು ಎಂಬುದು ಆಟ ಬಲ್ಲ ಹಲವರಿಗೆ ಬಾಯಿಪಾಠ. ಅದೇ ತಂಡದ ನಡುವೆ ನಿಂತು ಚಾಪ್‌ಮನ್ ಎಷ್ಟು ಚೆಂಡು ಕಸಿದರು, ಎಷ್ಟು ಬಾರಿ ಮುಂದಿನವರಿಗೆ ದಾರಿ ಬಿಡಿಸಿದರು ಎಂದು ಕೇಳಿ, ಯಾರ ಬಾಯಲ್ಲೂ ಅಂಕಿ ಬರುವುದಿಲ್ಲ. ಮಿಡ್‌ಫೀಲ್ಡರ್ ಆಗಿ ಬದುಕಿದವರನ್ನು ನಾವು ನೆನೆಯುವುದು ಅವರು ಸ್ಟ್ರೈಕರ್‌ನ ಕೆಲಸ ಮಾಡಿದ ಒಂದು ದಿನಕ್ಕಾಗಿ. ಇದು ನ್ಯಾಯವಲ್ಲ.

ಹಾಗಾದರೆ ಆ ಕೆಲಸ ಏನು? 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದಲ್ಲಿ ವೃತ್ತಿಪರ ಮಿಡ್‌ಫೀಲ್ಡರ್ ಒಂದು ಪಂದ್ಯಕ್ಕೆ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅದರಲ್ಲಿ ಜೀವ ಬಿಟ್ಟು ಓಡುವುದು ಕೆಲವು ನೂರು ಮೀಟರ್ ಮಾತ್ರ. ಉಳಿದದ್ದು ನಡಿಗೆ, ಜಾಗಿಂಗ್, ಪಕ್ಕಕ್ಕೆ ಜಾರುವುದು, ನಿಲ್ಲುವುದು, ಮತ್ತೆ ಹೊರಡುವುದು. ಚೆಂಡು ಕಾಲಲ್ಲಿರುವುದು ಇಡೀ ಪಂದ್ಯಕ್ಕೆ ಒಂದೆರಡು ನಿಮಿಷ. ಮಿಕ್ಕ 88 ನಿಮಿಷ ಚೆಂಡಿಲ್ಲದೆ ಅವನು ಏನು ಮಾಡುತ್ತಾನೆ ಎಂಬುದೇ ಅವನ ಬೆಲೆ. ಸ್ಟ್ರೈಕರ್‌ಗೆ ಮೈದಾನವೆಲ್ಲ ಎದುರಿಗೆ. ಡಿಫೆಂಡರ್‌ಗೂ ಬಹಳ ಹೊತ್ತು ಆಟ ಎದುರಿಗೇ ಇರುತ್ತದೆ. ನಡುವಿನವನಿಗೆ ಮಾತ್ರ ಸುತ್ತ ನಾಲ್ಕು ದಿಕ್ಕಿನಿಂದಲೂ ಒತ್ತಡ. ಅವನ ಬೆನ್ನ ಹಿಂದೆ ಸದಾ ಯಾರೋ ಇರುತ್ತಾರೆ.

ಆದ್ದರಿಂದ ಅವನ ಮೊದಲ ಕೌಶಲ ಕಾಲಿನದಲ್ಲ, ಕತ್ತಿನದು. ಚೆಂಡು ತನ್ನ ಕಡೆ ಬರುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಿಕೊಳ್ಳಬೇಕು. ನಾರ್ವೆಯ ಸಂಶೋಧಕ ಗೈರ್ ಜೋರ್ಡೆಟ್ ಇಂಗ್ಲಿಷ್ ಪ್ರೀಮಿಯರ್ ಲೀಗಿನ ಆಟಗಾರರ ವಿಡಿಯೊ ಇಟ್ಟುಕೊಂಡು ಇದನ್ನು ಎಣಿಸಿದ್ದಾರೆ. ಚೆಂಡು ಬರುವ ಮುನ್ನಿನ ಹತ್ತು ಸೆಕೆಂಡಿನಲ್ಲಿ ಫ್ರ್ಯಾಂಕ್ ಲ್ಯಾಂಪಾರ್ಡ್ ಸುಮಾರು ಆರು ಬಾರಿ ತಲೆ ತಿರುಗಿಸಿ ನೋಡುತ್ತಿದ್ದರು. ಹೀಗೆ ಹೆಚ್ಚು ನೋಡುವವರ ಪಾಸ್ ಸರಿಯಾಗಿ ತಲುಪುವ ಪ್ರಮಾಣವೂ ಹೆಚ್ಚು ಎಂದು ಆ ಎಣಿಕೆ ತೋರಿಸಿತು. ನಮ್ಮ ಮೈದಾನಗಳಲ್ಲಿ ಮಕ್ಕಳಿಗೆ ಡ್ರಿಬ್ಲಿಂಗ್ ಕಲಿಸುತ್ತಾರೆ, ಶೂಟಿಂಗ್ ಕಲಿಸುತ್ತಾರೆ. ನೋಡುವುದನ್ನು ಕಲಿಸುವವರು ಕಡಿಮೆ.

ಕಲಿಸುವುದೇನೂ ಕಷ್ಟವಲ್ಲ. ಮೂವರು ಮಕ್ಕಳು, ಒಂದು ಚೆಂಡು, ಎರಡು ಬಣ್ಣದ ಬಿಬ್ (ಅಭ್ಯಾಸಕ್ಕೆ ತೊಡುವ ತೋಳಿಲ್ಲದ ಮೇಲಂಗಿ) ಸಾಕು. ಮೂವರೂ ಒಂದೇ ಗೆರೆಯಲ್ಲಿ, ಹತ್ತು ಹತ್ತು ಮೀಟರ್ ಅಂತರದಲ್ಲಿ ನಿಲ್ಲಲಿ. ಒಂದು ತುದಿಯವನ ಬಳಿ ಚೆಂಡು. ಇನ್ನೊಂದು ತುದಿಯವನ ಕೈಯಲ್ಲಿ ಕೆಂಪು ಮತ್ತು ಹಳದಿ ಬಿಬ್. ನಡುವಿನ ಹುಡುಗ ಚೆಂಡಿನ ಕಡೆ ಮುಖ ಮಾಡಿರುತ್ತಾನೆ, ಬಿಬ್ ಅವನ ಬೆನ್ನ ಹಿಂದೆ. ಪಾಸ್ ಹೊರಡುವ ಮೊದಲು ಅವನು ಹಿಂದೆ ನೋಡಿ ಮೇಲೆತ್ತಿದ ಬಣ್ಣ ಯಾವುದೆಂದು ಕೂಗಬೇಕು. ಕೆಂಪು ಎಂದರೆ ಬೆನ್ನಿಗೆ ಎದುರಾಳಿ ಅಂಟಿಕೊಂಡಿದ್ದಾನೆ ಎಂದು ಲೆಕ್ಕ. ಬಂದ ಚೆಂಡನ್ನು ಒಂದೇ ಟಚ್‌ನಲ್ಲಿ ಕೊಟ್ಟವನಿಗೇ ಮರಳಿಸಬೇಕು. ಹಳದಿ ಎಂದರೆ ಹಿಂದೆ ಜಾಗ ಖಾಲಿ. ಮೈ ಓರೆ ಮಾಡಿ, ಚೆಂಡಿನಿಂದ ದೂರವಿರುವ ಕಾಲಿನ ಒಳಬದಿಯಿಂದ ಚೆಂಡು ತೆಗೆದುಕೊಂಡು, ಆ ಮೊದಲ ಟಚ್‌ನಲ್ಲೇ ತಿರುಗಿ, ಎರಡನೇ ಟಚ್‌ಗೆ ಬಿಬ್ ಹಿಡಿದವನಿಗೆ ಪಾಸ್ ಕೊಡಬೇಕು. ಒಬ್ಬನಿಗೆ 45 ಸೆಕೆಂಡು, ಆಮೇಲೆ ಸ್ಥಾನ ಬದಲಿ. ತಲಾ ನಾಲ್ಕು ಸರದಿ ಮಾಡಿದರೆ ನಡುವಿನ ವಿರಾಮ ಸೇರಿ ಹದಿನೈದು ನಿಮಿಷ.

ಇಲ್ಲಿ ತಪ್ಪುವುದು ಎಲ್ಲಿ ಎಂಬುದನ್ನೂ ಹೇಳಬೇಕು, ಏಕೆಂದರೆ ವಿಡಿಯೊ ನೋಡಿ ಅಭ್ಯಾಸ ಮಾಡಿಸುವವರು ಎಡವುವುದು ಅಲ್ಲೇ. ಒಂದು, ಹುಡುಗ ಪಾಸ್ ಹೊರಟ ಮೇಲೆ ಹಿಂದೆ ನೋಡುತ್ತಾನೆ. ಹತ್ತು ಮೀಟರಿನ ಗಟ್ಟಿ ಪಾಸ್ ಸುಮಾರು ಒಂದು ಸೆಕೆಂಡಿನಲ್ಲಿ ಕಾಲಿಗೆ ಬಂದುಬಿಡುತ್ತದೆ. ಕಣ್ಣು ಹಿಂದಿರುಗುವಷ್ಟರಲ್ಲಿ ಚೆಂಡು ಮೊಣಕಾಲಿಗೆ ಬಡಿದಿರುತ್ತದೆ. ಆಗ ಅವನು ಹೆದರಿ ನೋಡುವುದನ್ನೇ ಬಿಡುತ್ತಾನೆ. ಕೊಡುವವನು ಚೆಂಡಿನ ಕಡೆ ಹೆಜ್ಜೆ ಇಡುವಾಗಲೇ, ಅಂದರೆ ಒದೆಯುವ ಮುಂಚೆ, ನೋಡಬೇಕು ಎಂದು ಹೇಳಿಕೊಡಿ. ಇನ್ನೊಂದು, ಬಿಬ್ ಹಿಡಿದವನು ಕೆಂಪು, ಹಳದಿ, ಕೆಂಪು, ಹಳದಿ ಎಂದು ಸರತಿಯಲ್ಲಿ ಎತ್ತುತ್ತಾನೆ. ಮಕ್ಕಳು ಜಾಣರು, ನೋಡದೆಯೇ ಕೂಗುತ್ತಾರೆ. ಮೂರನೆಯದು ಕೊಡುವವನ ತಪ್ಪು: ಪಾಸ್ ಹತ್ತಿರದ ಕಾಲಿಗೆ ಬಂದರೆ ತೆಗೆದುಕೊಳ್ಳುವವನು ತನ್ನ ಗೋಲಿನ ಕಡೆಗೇ ಮುಖಮಾಡಿ ಸಿಕ್ಕಿಬೀಳುತ್ತಾನೆ. ಪಾಸ್ ಅಂದರೆ ಚೆಂಡು ತಲುಪಿದರಾಯಿತು ಎಂದಲ್ಲ, ಯಾವ ಕಾಲಿಗೆ ತಲುಪಿತು ಎಂಬುದು ಪಾಸಿನ ಅರ್ಧ ಅರ್ಥ.

ಇದಾದ ಮೇಲೆ ರಾಂಡೊ, ಅಂದರೆ ಹೊರಗಿನವರು ಪಾಸ್ ಮಾಡುತ್ತ ಚೆಂಡು ಉಳಿಸಿಕೊಳ್ಳುವ, ಒಳಗಿನವರು ಕಸಿಯಲು ನೋಡುವ ಆಟ. ಹತ್ತು ಮೀಟರ್ ಚೌಕದಲ್ಲಿ ಹೊರಗೆ ನಾಲ್ವರು, ಒಳಗೆ ಇಬ್ಬರು, ಹೊರಗಿನವರಿಗೆ ಎರಡು ಟಚ್. ಎರಡು ಪಾಸಿಗೇ ಚೆಂಡು ಹೋಗುತ್ತಿದ್ದರೆ ಮಕ್ಕಳನ್ನು ಬೈಯಬೇಡಿ, ಚೌಕವನ್ನು 12 ಮೀಟರಿಗೆ ಹಿಗ್ಗಿಸಿ. ಸತತ ಹತ್ತು ಪಾಸ್ ಸುಲಭವಾಗಿ ಆಗುತ್ತಿದ್ದರೆ 8 ಮೀಟರಿಗೆ ಕುಗ್ಗಿಸಿ. ಹೊರಗಿನವರು ಕಂಬದಂತೆ ನಿಂತರೆ ಇದು ಬರೀ ಮೋಜಿನ ಆಟವಾಗುತ್ತದೆ. ಪಾಸ್ ಕೊಟ್ಟವನು ಕೂಡಲೇ ಎರಡು ಹೆಜ್ಜೆ ಸರಿದು ಹೊಸ ಕೋನ ಕೊಡಬೇಕು. ಆ ಎರಡು ಹೆಜ್ಜೆಯೇ ಮುಂದೆ ಪಂದ್ಯದಲ್ಲಿ ತ್ರಿಕೋನವಾಗುತ್ತದೆ.

ಎಷ್ಟೇ ಅಭ್ಯಾಸ ಮಾಡಿಸಿದರೂ ಪಂದ್ಯದ ವ್ಯವಸ್ಥೆಯೇ ತಪ್ಪಾಗಿದ್ದರೆ ಎಲ್ಲ ನೀರಿನಲ್ಲಿ ಹೋಮ. ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ದೊಡ್ಡವರ ಮೈದಾನದಲ್ಲಿ, ದೊಡ್ಡವರ ಚೆಂಡಿನಲ್ಲಿ, ಹನ್ನೊಂದು ಹನ್ನೊಂದು ಮಂದಿಯಂತೆ ಆಡಿಸುವುದನ್ನು ನಮ್ಮ ಶಾಲಾ ಟೂರ್ನಿಗಳಲ್ಲಿ ಈಗಲೂ ಕಾಣಬಹುದು. ಅಲ್ಲಿ ಏನಾಗುತ್ತದೆ? ತಂಡದಲ್ಲಿ ಎತ್ತರದ, ಬಲವಾದ ಹುಡುಗನನ್ನು ಹಿಂದೆ ನಿಲ್ಲಿಸುತ್ತಾರೆ. ಅವನು ಚೆಂಡನ್ನು ಎತ್ತಿ ಒದೆಯುತ್ತಾನೆ. ಅದು ನಡುಮೈದಾನದ ತಲೆಯ ಮೇಲೆ ಹಾರಿ, ಮುಂದಿರುವ ವೇಗದ ಹುಡುಗನ ಬಳಿ ಬೀಳುತ್ತದೆ. ಗೋಲಾಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಡುವಿನ ಸಣ್ಣ ಹುಡುಗ ಕತ್ತೆತ್ತಿ ಚೆಂಡು ಹೋಗುವುದನ್ನು ನೋಡುತ್ತ ನಿಂತಿರುತ್ತಾನೆ. ಇಡೀ ಪಂದ್ಯದಲ್ಲಿ ಅವನಿಗೆ ಚೆಂಡು ಸಿಗುವುದು ಕೈಬೆರಳಲ್ಲಿ ಎಣಿಸುವಷ್ಟು. ಇಂಥ ಮೂರು ವರ್ಷ ಕಳೆದರೆ ಅವನು ಮಿಡ್‌ಫೀಲ್ಡರ್ ಆಗುವುದು ಹೇಗೆ?

ಇದರ ಬದಲು ಹೀಗೆ ಆಡಿಸಬೇಕು: 10 ವರ್ಷದೊಳಗಿನವರಿಗೆ ಏಳು ಮಂದಿಯ ಆಟ, ಸುಮಾರು 60 ಮೀಟರ್ ಉದ್ದ 40 ಮೀಟರ್ ಅಗಲ. 12ರೊಳಗಿನವರಿಗೆ ಒಂಬತ್ತು ಮಂದಿ, 70ರಿಂದ 75 ಮೀಟರ್ ಉದ್ದ, 45ರಿಂದ 50 ಅಗಲ. ಹನ್ನೊಂದು ಮಂದಿಯ ಆಟ ಹದಿಮೂರರ ಮೇಲೆ. ಅಲ್ಲಿಯವರೆಗೆ ನಾಲ್ಕನೇ ಸೈಜಿನ ಚೆಂಡು: ಸುತ್ತಳತೆ 63.5ರಿಂದ 66 ಸೆಂಟಿಮೀಟರ್, ತೂಕ 350ರಿಂದ 390 ಗ್ರಾಂ. ದೊಡ್ಡವರ ಐದನೇ ಸೈಜ್ 410ರಿಂದ 450 ಗ್ರಾಂ ಇರುತ್ತದೆ. ಈ ಅರವತ್ತು ಗ್ರಾಂ ವ್ಯತ್ಯಾಸ ಅಂಗಡಿಯಲ್ಲಿ ಕೈಗೆ ಗೊತ್ತಾಗದಿರಬಹುದು, 30 ಕೆ.ಜಿ. ತೂಕದ ಮಗುವಿನ ಪಾದಕ್ಕೆ ಗೊತ್ತಾಗುತ್ತದೆ. ಚೆಂಡು ಭಾರವಾದರೆ ಮಗು ಪಾದದ ಒಳಬದಿಯಿಂದ ಪಾಸ್ ಕೊಡುವುದನ್ನು ಬಿಟ್ಟು ಬೆರಳ ತುದಿಯಿಂದ ಹೊಡೆಯಲು ಶುರು ಮಾಡುತ್ತದೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಇನ್ನೊಂದು ನಿಯಮ ಸೇರಿಸಿದರೆ ಆಟದ ಮುಖವೇ ಬದಲಾಗುತ್ತದೆ: ಗೋಲ್ ಕಿಕ್ ಆಗುವಾಗ ಎದುರು ತಂಡದವರೆಲ್ಲ ತಮ್ಮ ಅರ್ಧಕ್ಕೆ ಹಿಂದೆ ಸರಿಯಬೇಕು. ಆಗ ಗೋಲ್‌ಕೀಪರ್‌ಗೆ ಎತ್ತಿ ಒದೆಯುವ ಕಾರಣವಿರುವುದಿಲ್ಲ. ಚೆಂಡು ಡಿಫೆಂಡರ್‌ಗೆ, ಅವನಿಂದ ನಡುವಿನವನಿಗೆ ನೆಲದ ಮೇಲೇ ಬರುತ್ತದೆ. ಶಾಲಾ ಟೂರ್ನಿ ನಡೆಸುವವರು ಇದನ್ನು ಒಂದೇ ಒಂದು ವರ್ಷ ಮಾಡಿ ನೋಡಲಿ. ಖರ್ಚು ಏನೂ ಇಲ್ಲ, ಸುಣ್ಣದ ಗೆರೆ ಬೇರೆ ಕಡೆ ಎಳೆದರಾಯಿತು.

ಮೈಕಟ್ಟಿನ ಮಾತು ಬಂದದ್ದರಿಂದ ಮಿಡ್‌ಫೀಲ್ಡರ್ ಲೂಕಾ ಮಾಡ್ರಿಚ್ ಅವರನ್ನು ನೆನೆಯಬೇಕು. ಕ್ರೊವೇಷಿಯಾದ ಜದಾರ್ ಪಟ್ಟಣದ ಹುಡುಗ. ಯುದ್ಧದ ದಿನಗಳಲ್ಲಿ ಮನೆ ಬಿಟ್ಟು ಹೋಟೆಲ್ ಕೋಣೆಯಲ್ಲಿ ಬೆಳೆದವರು. ಹಾಯ್ದುಕ್ ಸ್ಪ್ಲಿಟ್ ಕ್ಲಬ್ ಅವರನ್ನು ಸಣಕಲು ಎಂದು ಬೇಡವೆಂದಿತು. ಡೈನಾಮೊ ಜಾಗ್ರೆಬ್ ಸೇರಿಸಿಕೊಂಡು, 2003-04ರಲ್ಲಿ ಬೋಸ್ನಿಯಾದ ಜ್ರಿನ್‌ಸ್ಕಿ ಮೊಸ್ತಾರ್‌ಗೆ, ಮರುವರ್ಷ ಇಂಟರ್ ಜಾಪ್ರೆಶಿಚ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಕಳಿಸಿತು. ಮುಂದೆ 2008ರಲ್ಲಿ ಟಾಟೆನ್‌ಹ್ಯಾಮ್, 2012ರಲ್ಲಿ ರಿಯಲ್ ಮ್ಯಾಡ್ರಿಡ್, ಆರು ಚಾಂಪಿಯನ್ಸ್ ಲೀಗ್ ಪ್ರಶಸ್ತಿ, 33ನೇ ವಯಸ್ಸಿನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ 2018ರ ಬ್ಯಾಲನ್ ಡಿ'ಓರ್. 2025ರ ಬೇಸಿಗೆಯಲ್ಲಿ ಎಸಿ ಮಿಲಾನ್ ಸೇರಿದ ಅವರಿಗೆ ಆ ಸೆಪ್ಟೆಂಬರಿನಲ್ಲಿ ನಲವತ್ತು ತುಂಬಿತು. ಹನ್ನೆರಡರ ಮಗುವನ್ನು ಎತ್ತರ ನೋಡಿ ತಿರಸ್ಕರಿಸುವವರು ಈ ಒಂದು ಬದುಕನ್ನಾದರೂ ನೆನಪಿನಲ್ಲಿಡಲಿ. ವಯೋಮಿತಿ ಜನವರಿ 1ರಿಂದ ಎಣಿಸುವುದರಿಂದ ಡಿಸೆಂಬರಿನಲ್ಲಿ ಹುಟ್ಟಿದ ಮಗು, ಅದೇ ವರ್ಷ ಜನವರಿಯಲ್ಲಿ ಹುಟ್ಟಿದವನಿಗಿಂತ ಹನ್ನೊಂದು ತಿಂಗಳು ಚಿಕ್ಕದು. ಆಯ್ಕೆ ಶಿಬಿರದ ಪಟ್ಟಿಯಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳನ್ನೂ ಬರೆದಿಟ್ಟುಕೊಂಡು ನೋಡಿದರೆ, ಆರಿಸಿದ್ದು ಆಟವನ್ನೋ ಎತ್ತರವನ್ನೋ ಎಂಬುದು ತಾನಾಗಿ ತಿಳಿಯುತ್ತದೆ.

ಮೈದಾನದ ನೆಲವೂ ಮಿಡ್‌ಫೀಲ್ಡರ್‌ನನ್ನು ಕಟ್ಟುತ್ತದೆ ಅಥವಾ ಕೆಡಿಸುತ್ತದೆ. ಗಟ್ಟಿ ಕೆಮ್ಮಣ್ಣಿನ, ಕಲ್ಲು ಎದ್ದ ಅಂಗಳದಲ್ಲಿ ಚೆಂಡು ಎಲ್ಲಿಗೆ ಪುಟಿಯುತ್ತದೋ ತಿಳಿಯದು. ಹುಡುಗ ಕಣ್ಣನ್ನು ಚೆಂಡಿನಿಂದ ತೆಗೆಯುವುದೇ ಇಲ್ಲ. ಅಂಥಲ್ಲಿ ಕಾಲಿನ ಚಳಕ ಬರುತ್ತದೆ, ತಲೆ ಎತ್ತುವ ಅಭ್ಯಾಸ ಬರುವುದಿಲ್ಲ. ಇಡೀ ಮೈದಾನ ಸರಿಮಾಡಲು ದುಡ್ಡಿಲ್ಲದಿದ್ದರೆ ಒಂದು ಮೂಲೆಯಲ್ಲಿ 20 ಮೀಟರ್ ಚೌಕವನ್ನಾದರೂ ಕಲ್ಲು ಆರಿಸಿ, ನೀರು ಹಾಕಿ, ರೋಲರ್ ಎಳೆದು ಸಮ ಮಾಡಿ. ಮೇಲೆ ಹೇಳಿದ ಅಭ್ಯಾಸಗಳಿಗೆ ಅಷ್ಟು ಜಾಗ ಸಾಕು.

ಕೃತಕ ಹುಲ್ಲಿನಲ್ಲಿ ಬೇರೆ ತೊಂದರೆ. ಒದ್ದೆ ಹುಲ್ಲಿಗೆಂದು ಮಾಡಿದ ಉದ್ದ ಸ್ಟಡ್ಡಿನ (ಬೂಟಿನ ಅಡಿಯ ಮುಳ್ಳಿನ) ಬೂಟು ಹಾಕಿಕೊಂಡು ಟರ್ಫ್ ಮೇಲೆ ಇಳಿಯುವವರಿದ್ದಾರೆ. ಸ್ಟಡ್ ನೆಲದಲ್ಲಿ ಕಚ್ಚಿಕೊಳ್ಳುತ್ತದೆ, ಪಾದ ನಿಲ್ಲುತ್ತದೆ, ಮೈ ತಿರುಗುತ್ತದೆ. ತಿರುಚಿಕೊಳ್ಳುವುದು ಮೊಣಕಾಲು. ಮಿಡ್‌ಫೀಲ್ಡರ್ ಪಂದ್ಯವಿಡೀ ತಿರುಗುತ್ತಲೇ ಇರುವುದರಿಂದ ಅವನಿಗೆ ಅಪಾಯ ಹೆಚ್ಚು. ಟರ್ಫ್‌ಗೆ ಗಿಡ್ಡ, ಒತ್ತೊತ್ತಾದ ಸ್ಟಡ್ಡಿನ ಬೂಟೇ ಬೇಕು. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಒಂಬತ್ತು ತಿಂಗಳು ಪಂದ್ಯ ಆಡಬಾರದು. ಆರು ತಿಂಗಳಿಗೆ ನೋವಿಲ್ಲ ಎಂದು ಟೂರ್ನಿಗೆ ಇಳಿದವರು ಮತ್ತೆ ಹರಿದುಕೊಳ್ಳುವ ಸಂಭವ ಹೆಚ್ಚು. ನೋವು ಹೋಗುವುದು ಬೇರೆ, ಕಸಿ ಮಾಡಿದ ಅಸ್ಥಿರಜ್ಜು ಗಟ್ಟಿಯಾಗುವುದು ಬೇರೆ. ಹೆಣ್ಣುಮಕ್ಕಳಲ್ಲಿ ಈ ಗಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬೆಂಗಳೂರಿನ ಕಿಕ್‌ಸ್ಟಾರ್ಟ್‌ನಂಥ ಕ್ಲಬ್ಬುಗಳ ಮೂಲಕ ನಮ್ಮ ಹುಡುಗಿಯರು ಈಗ ರಾಷ್ಟ್ರೀಯ ಲೀಗಿನವರೆಗೆ ಹೋಗಬಹುದಾದ್ದರಿಂದ ಅವರ ತರಬೇತುದಾರರು ಇದನ್ನು ಎರಡು ಪಟ್ಟು ಗಮನಿಸಬೇಕು.

ತಡೆಯುವ ದಾರಿ ಇದೆ, ಅದೂ ಪುಕ್ಕಟೆ. ಫಿಫಾ 11 ಪ್ಲಸ್ ಎಂಬ ವಾರ್ಮ್-ಅಪ್ ಕ್ರಮದಲ್ಲಿ ಹದಿನೈದು ವ್ಯಾಯಾಮಗಳಿವೆ: ಎಂಟು ನಿಮಿಷ ನಿಧಾನದ ಓಟ, ಹತ್ತು ನಿಮಿಷ ಬಲ, ಸಮತೋಲನ ಮತ್ತು ಜಿಗಿತ, ಕೊನೆಗೆ ಎರಡು ನಿಮಿಷ ವೇಗದ ಓಟ. ವಾರಕ್ಕೆ ಎರಡು ಬಾರಿಯಾದರೂ ತಪ್ಪದೆ ಮಾಡಿದರೆ ಗಾಯಗಳು ಮೂರನೇ ಒಂದು ಭಾಗದಷ್ಟು, ಕೆಲವು ತಂಡಗಳಲ್ಲಿ ಅದಕ್ಕೂ ಹೆಚ್ಚು, ಇಳಿದಿವೆ. ಕೆಡುವುದು ಎಲ್ಲಿ ಎಂದರೆ ಮಕ್ಕಳು ತಡವಾಗಿ ಬಂದಾಗ ಮೊದಲು ಬಿಡುವುದು ಇದನ್ನೇ. ಜಿಗಿದು ಇಳಿಯುವಾಗ ಮೊಣಕಾಲು ಒಳಗೆ ಬಾಗುತ್ತಿದೆಯೇ ಎಂದು ನೋಡುವವರಿಲ್ಲದಿದ್ದರೂ ಪ್ರಯೋಜನ ಕಡಿಮೆಯಾಗುತ್ತದೆ. ಮೊಣಕಾಲು ಪಾದದ ನೇರಕ್ಕೇ ಇರಬೇಕು.

ದಮ್ಮು ಬರಲಿ ಎಂದು ಮೈದಾನಕ್ಕೆ ಹತ್ತು ಸುತ್ತು ಓಡಿಸುವ ಪದ್ಧತಿಯ ಬಗ್ಗೆ ಒಂದೇ ಮಾತು: ಒಂದೇ ಗತಿಯಲ್ಲಿ ಓಡುವುದನ್ನು ಯಾವ ಪಂದ್ಯವೂ ಕೇಳುವುದಿಲ್ಲ. 30 ಮೀಟರ್ ಉದ್ದ 20 ಮೀಟರ್ ಅಗಲದಲ್ಲಿ ನಾಲ್ವರ ವಿರುದ್ಧ ನಾಲ್ವರು ನಾಲ್ಕು ನಿಮಿಷ ಆಡಲಿ, ಮೂರು ನಿಮಿಷ ವಿರಾಮ, ಹೀಗೆ ನಾಲ್ಕು ಸಲ. ಚೆಂಡು ಹೊರಗೆ ಹೋದ ಕೂಡಲೇ ಇನ್ನೊಂದು ಚೆಂಡು ಒಳಗೆ ಹಾಕಬೇಕು, ಇಲ್ಲದಿದ್ದರೆ ಆಟ ನಿಂತು ದಮ್ಮಿನ ಲಾಭ ಸಿಗುವುದಿಲ್ಲ. ಇನ್ನು ಊಟ. ಪಂದ್ಯಕ್ಕೆ ಮೂರು ಗಂಟೆ ಮುಂಚೆ, ದೇಹದ ತೂಕದ ಪ್ರತಿ ಕೆ.ಜಿ.ಗೆ ಒಂದರಿಂದ ಮೂರು ಗ್ರಾಂ ಕಾರ್ಬೊಹೈಡ್ರೇಟ್ ಬೇಕು. 60 ಕೆ.ಜಿ. ಹುಡುಗನಿಗೆ 60ರಿಂದ 180 ಗ್ರಾಂ. ಇಡ್ಲಿ, ಅನ್ನ ತಿಳಿಸಾರು, ಬಾಳೆಹಣ್ಣಿನಲ್ಲಿ ಅದು ಬಂದುಬಿಡುತ್ತದೆ. ಬಿರಿಯಾನಿ, ಪೂರಿ ಪಂದ್ಯದ ನಂತರ. ಎಣ್ಣೆ ತುಪ್ಪ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವುದರಿಂದ ಮೊದಲರ್ಧದಲ್ಲೇ ಮೈ ಭಾರವಾಗುತ್ತದೆ. ಪಂದ್ಯದ ಎರಡರಿಂದ ನಾಲ್ಕು ಗಂಟೆ ಮುಂಚಿನ ಅವಧಿಯಲ್ಲಿ ಅದೇ ಹುಡುಗ 300ರಿಂದ 420 ಮಿಲಿಲೀಟರ್ ನೀರು ಕುಡಿದಿರಬೇಕು.

ಈಗ ಹದಿನೇಳರ ಮೇಲಿನ ಮಾತು. ವೃತ್ತಿ ಉಳಿಯುವುದೂ ಮುರಿಯುವುದೂ ಹದಿನೇಳರಿಂದ ಇಪ್ಪತ್ತೊಂದರ ನಡುವೆ. ದೊಡ್ಡ ಕ್ಲಬ್ಬಿನ ಜೆರ್ಸಿ ಸಿಕ್ಕಿತೆಂದು ಮನೆಮಂದಿ ಸಂಭ್ರಮಿಸುತ್ತಾರೆ. ಹುಡುಗ ಎರಡು ಸೀಸನ್ ಬೆಂಚಿನಲ್ಲಿ ಕೂರುತ್ತಾನೆ. ಸ್ಟ್ರೈಕರ್‌ಗೆ ಹತ್ತು ನಿಮಿಷ ಇಳಿಸಿದರೂ ಒಂದು ಗೋಲು ಹೊಡೆದು ತೋರಿಸಬಹುದು. ಮಿಡ್‌ಫೀಲ್ಡರ್‌ಗೆ ಹಾಗಾಗುವುದಿಲ್ಲ. ಪಕ್ಕದವನ ಓಟ, ಎದುರಾಳಿಯ ಲಯ, ಪೈಪೋಟಿಯಲ್ಲಿ ಚಿಮ್ಮಿದ ಚೆಂಡು ಬೀಳುವ ಜಾಗ, ಇವೆಲ್ಲ ತಲೆಗೆ ಹತ್ತಲು ಪೂರ್ತಿ ಪಂದ್ಯಗಳೇ ಬೇಕು. ಮಾಡ್ರಿಚ್ ಅವರ ಬೋಸ್ನಿಯಾದ ವರ್ಷ ಕೊಟ್ಟದ್ದು ಅದನ್ನೇ. ಚಾಪ್‌ಮನ್ ಅಕಾಡೆಮಿ ಸೇರಿದ್ದು 19ಕ್ಕೆ, ದೊಡ್ಡ ಕ್ಲಬ್ಬಿಗೆ ಹೋದದ್ದು 22ಕ್ಕೆ, ನಿಲ್ಲಿಸಿದ್ದು 30ಕ್ಕೆ. ಎಂಟು ವರ್ಷದ ಉನ್ನತ ಆಟ. ಆ ಅಡಿಪಾಯ ಹದಿನಾರಕ್ಕೇ ಸಿಕ್ಕಿದ್ದರೆ ಎಂದು ಮನಸ್ಸು ಕೇಳುತ್ತದೆ. ಕ್ಲಬ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಸಂಬಳ ಎಷ್ಟು ಎಂಬುದಲ್ಲ, ನನ್ನ ಸ್ಥಾನದಲ್ಲಿ ನನಗಿಂತ ಮುಂದೆ ಎಷ್ಟು ಜನರಿದ್ದಾರೆ ಎಂಬುದು.

ಸ್ಥಾನ ಅಂದರೆ ಮಿಡ್‌ಫೀಲ್ಡಿನಲ್ಲೂ ಮೂರು ಬಗೆ. ಆರನೇ ನಂಬರಿನವನು ಡಿಫೆಂಡರ್‌ಗಳ ಮುಂದೆ ನಿಂತು ಬಾಗಿಲು ಕಾಯುತ್ತಾನೆ, ಅವನ ತಪ್ಪು ಪಾಸ್ ನೇರ ಗೋಲಾಗುತ್ತದೆ. ಎಂಟನೆಯವನು ಎರಡೂ ಪೆನಾಲ್ಟಿ ಬಾಕ್ಸ್‌ಗಳ ನಡುವೆ ಓಡುತ್ತಾನೆ. ಹತ್ತನೆಯವನು ಎದುರಾಳಿಯ ಮಿಡ್‌ಫೀಲ್ಡ್ ಮತ್ತು ಡಿಫೆನ್ಸ್ ಸಾಲುಗಳ ನಡುವಿನ ಸಂದಿಯಲ್ಲಿ ಚೆಂಡು ಕೇಳುತ್ತಾನೆ. ವೇಗ ಇಳಿದಂತೆ ಹತ್ತನೆಯವನು ಎಂಟಕ್ಕೆ, ಎಂಟನೆಯವನು ಆರಕ್ಕೆ ಹಿಂದೆ ಸರಿದು ನಾಲ್ಕೈದು ವರ್ಷ ಆಯುಷ್ಯ ಗಳಿಸಿಕೊಳ್ಳಬಹುದು. ಅದಕ್ಕೆ ಎಳವೆಯಲ್ಲೇ ಮೂರೂ ಸ್ಥಾನದಲ್ಲಿ ಆಡಿರಬೇಕು.

ಕರಾರಿನ ವಿಷಯದಲ್ಲಿ ಪೋಷಕರಿಗೆ ಎರಡು ಮಾತು. ಫಿಫಾ ನಿಯಮದಂತೆ 18 ತುಂಬದವನ ಕರಾರು ಮೂರು ವರ್ಷ ಮೀರುವಂತಿಲ್ಲ. ಐದು ವರ್ಷಕ್ಕೆ ಸಹಿ ಹಾಕಿಸಲು ಬಂದವರನ್ನು ನಂಬಬೇಡಿ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಆಟಗಾರ ಹದಿನೈದು ದಿನದ ಲಿಖಿತ ನೋಟಿಸ್ ಕೊಟ್ಟು, ಆಗಲೂ ಬಾರದಿದ್ದರೆ ಕರಾರು ಮುರಿಯಬಹುದು. ಬಾಯಿಮಾತಿನಲ್ಲಿ ಕೇಳುತ್ತ ಕೂತರೆ ಈ ಹಕ್ಕು ಕೆಲಸಕ್ಕೆ ಬರುವುದಿಲ್ಲ, ನೋಟಿಸ್ ಕಾಗದದಲ್ಲೇ ಇರಬೇಕು.

ಸಣ್ಣ ಕ್ಲಬ್ಬುಗಳವರು ಇನ್ನೊಂದು ಲೆಕ್ಕ ಕೇಳಿ. ಆಟಗಾರನೊಬ್ಬ ಹಣಕ್ಕೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ ಆ ಹಣದ ಶೇ 5ರಷ್ಟು, 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಒಟ್ಟು ಮೊತ್ತದ ಶೇ 0.25, 16ರಿಂದ 23ರವರೆಗಿನ ಪ್ರತಿ ವರ್ಷಕ್ಕೆ ಶೇ 0.5. ಒಂದು ಕೋಟಿ ರೂಪಾಯಿಯ ವರ್ಗಾವಣೆ ಎಂದುಕೊಳ್ಳಿ. ಹುಡುಗ 12ರಿಂದ 17ರವರೆಗೆ, ಆರು ವರ್ಷ, ನಿಮ್ಮಲ್ಲಿದ್ದರೆ ಮೊದಲ ನಾಲ್ಕು ವರ್ಷಕ್ಕೆ ತಲಾ 25 ಸಾವಿರ, ನಂತರದ ಎರಡಕ್ಕೆ ತಲಾ 50 ಸಾವಿರ, ಒಟ್ಟು ಎರಡು ಲಕ್ಷ. ಒಂದು ಪುಟ್ಟ ಕ್ಲಬ್ಬಿಗೆ ಚೆಂಡು, ಬೂಟು, ಮೈದಾನದ ಬಾಡಿಗೆ ಅದರಲ್ಲಿ ಬಹಳ ದಿನ ನಡೆದೀತು. 2022ರ ನವೆಂಬರಿನಿಂದ ಫಿಫಾ ಕ್ಲಿಯರಿಂಗ್ ಹೌಸ್ ಎಂಬ ವ್ಯವಸ್ಥೆ, ಆಟಗಾರನ ನೋಂದಣಿ ಇತಿಹಾಸ ನೋಡಿ ಈ ಹಣ ಹಂಚುತ್ತದೆ. ನೋಂದಣಿಯೇ ಇಲ್ಲದಿದ್ದರೆ ಹಣವೂ ಇಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ವ್ಯವಸ್ಥೆಯಲ್ಲಿ ಹನ್ನೆರಡನೇ ವರ್ಷಕ್ಕೇ ಹುಡುಗನ ಹೆಸರು, ಸರಿಯಾದ ಜನ್ಮದಿನಾಂಕ, ಕ್ಲಬ್ಬಿನ ಹೆಸರು ಸೇರಿರಬೇಕು, ಪ್ರತಿ ಸೀಸನ್ ನವೀಕರಿಸಬೇಕು. ಬೆಂಗಳೂರಿನ ಗಲ್ಲಿಗಳಲ್ಲಿ ದಶಕಗಳಿಂದ ಮಕ್ಕಳಿಗೆ ಆಟ ಕಲಿಸುತ್ತ ಬಂದ ಎಷ್ಟೋ ಹಿರಿಯರು ಕೈಯಿಂದ ದುಡ್ಡು ಹಾಕುತ್ತಾರೆ. ಈ ಒಂದು ಕಾಗದದ ಕೆಲಸ ಬಿಟ್ಟರೆ ಅವರ ಶ್ರಮಕ್ಕೆ ಬರಬೇಕಾದದ್ದು ಬಾರದೇ ಹೋಗುತ್ತದೆ.

ಕರ್ನಾಟಕಕ್ಕೆ ಆಟದ ಬಡತನವೇನೂ ಇಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಬಂತು. ಐದನೆಯದು 2023ರ ಮಾರ್ಚ್‌ನಲ್ಲಿ, 54 ವರ್ಷದ ನಂತರ, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಬಂತು. ಆ ಫೈನಲ್‌ನಲ್ಲಿ ಗೋಲು ಹೊಡೆದವರ ಹೆಸರು ಹುಡುಕಿದರೆ ಸಿಗುತ್ತದೆ. ಎರಡು ಗೋಲಿನ ಅಂತರ ಒಂದಕ್ಕೆ ಇಳಿದ ಮೇಲೆ ನಡುಮೈದಾನವನ್ನು ಹಿಡಿದಿಟ್ಟವರು ಯಾರು, ಹೇಗೆ ಎಂದು ಒಂದು ಪ್ಯಾರಾ ಓದಲು ಸಿಕ್ಕರೆ ಇಂದಿನ ಹದಿಮೂರರ ಹುಡುಗನಿಗೆ ಅದೇ ಪಾಠವಾಗುತ್ತಿತ್ತು.

ಆದ್ದರಿಂದ ಸಂಪಾದಕರೇ, ಒಂದು ಕೋರಿಕೆ. ಮುಂದಿನ ಬಾರಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣಕ್ಕೆ ನಿಮ್ಮ ವರದಿಗಾರರು ಹೋದಾಗ, ಮೊದಲರ್ಧದಲ್ಲಿ ಹತ್ತು ನಿಮಿಷ, ಎರಡನೇ ಅರ್ಧದಲ್ಲಿ ಹತ್ತು ನಿಮಿಷ, ಒಬ್ಬನೇ ಮಿಡ್‌ಫೀಲ್ಡರ್‌ನನ್ನು ನೋಡಲಿ. ಚೆಂಡು ಎಲ್ಲೇ ಇರಲಿ, ಕಣ್ಣು ಅವನ ಮೇಲೇ. ನೋಟ್‌ಬುಕ್ಕಿನಲ್ಲಿ ಮೂರು ಕಲಮು ಎಳೆಯಲಿ: ಚೆಂಡು ಬರುವ ಮುನ್ನ ಅವನು ಹಿಂದೆ ನೋಡಿದನೇ, ತೆಗೆದುಕೊಂಡಾಗ ಎದೆ ಯಾವ ಗೋಲಿನ ಕಡೆಗಿತ್ತು, ಅವನ ಮುಂದಿನ ಪಾಸ್ ಎದುರಾಳಿಯ ಒಂದು ಸಾಲನ್ನಾದರೂ ದಾಟಿತೇ. ಪ್ರತಿ ಬಾರಿಗೂ ಒಂದೊಂದು ಗೀಟು. ಚೆಂಡು ಅವನ ಬಳಿ ಬಾರದ ಹೊತ್ತಿನಲ್ಲಿ ಅವನು ಎಲ್ಲಿ ನಿಂತಿದ್ದ ಎಂದು ಪುಟದ ಕೆಳಗೆ ಒಂದು ಚುಕ್ಕಿ. ಇಪ್ಪತ್ತು ನಿಮಿಷದ ಕೊನೆಗೆ ಆ ಗೀಟುಗಳನ್ನು ಎಣಿಸಿ, ಗೋಲು ಹೊಡೆದವರ ಪಟ್ಟಿಯ ಕೆಳಗೆ ಎರಡು ಸಾಲು ಬರೆದರೆ ಸಾಕು. ಪತ್ರಿಕೆಯಲ್ಲಿ ಅದಕ್ಕೆ ಬೇಕಾದ ಜಾಗ ಒಂದು ಇಂಚು.

ಇಂತಿ,
ಫುಟ್‌ಬಾಲ್ ಅಭಿಮಾನಿ ಓದುಗ, ಬೆಂಗಳೂರು